ನಾರು ತಡೆದು ಬಿಡುವ ಔಷಧಿ

ಕೇಳುಗರಿಗೆ ನಮಸ್ಕಾರ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಬಾರ್ಲಿ ಚರಟದ ನಾರು, ಔಷಧಿಯನ್ನು ಮೆಲ್ಲಗೆ ಬಿಡುವ ಮಾತ್ರೆಗೆ ಹೇಗೆ ಒದಗುತ್ತದೆ ಎಂಬುದೇ ಇಂದಿನ ಮಾತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿನೀರಿನಲ್ಲಿಟ್ಟು, ಸಿಹಿರಸವನ್ನು ಬಿಯರಿಗಾಗಿ ಬಸಿದುಕೊಂಡ ಮೇಲೆ ಚರಟವೊಂದು ಉಳಿಯುತ್ತದೆ. 100 ಲೀಟರ್ ಬಿಯರಿಗೆ ಸುಮಾರು 20 ಕಿಲೋ ಹಸಿ ಚರಟ. ಹೆಚ್ಚಿನದು ದನಗಳ ಮೇವಿಗೆ ಹೋಗುತ್ತದೆ. ಬಿಯರ್ ಎಂದೊಡನೆ ಮೂಗು ಮುರಿಯುವವರು ದಯವಿಟ್ಟು ಗಮನಿಸಬೇಕು: ಯೀಸ್ಟ್ ಬೆರೆಸುವ ಮೊದಲೇ ಇದನ್ನು ಬೇರ್ಪಡಿಸುವುದರಿಂದ ಇದರಲ್ಲಿ ಮದ್ಯವಿಲ್ಲ.

ಇರುವುದು ನಾರು. ಅದರಲ್ಲಿ ಅರಾಬಿನೊಕ್ಸೈಲಾನ್ ಎಂಬ ಅಂಶವನ್ನು ಕ್ಷಾರದ ದ್ರಾವಣದಲ್ಲಿ ಬಿಡಿಸಿ, ಶುದ್ಧಗೊಳಿಸಿ, ಔಷಧಿಯೊಡನೆ ಬೆರೆಸಿ ಮಾತ್ರೆಯಾಗಿ ಒತ್ತಿದರೆ, ನೀರು ತಾಗಿದಾಗ ನೆನೆದ ಕಾಮಕಸ್ತೂರಿ ಬೀಜದಂತೆ ಅದರ ಸುತ್ತ ಲೋಳೆ ಕಟ್ಟುತ್ತದೆ. ಆ ಲೋಳೆಯನ್ನು ದಾಟಿ ಔಷಧಿ ಮೆಲ್ಲಮೆಲ್ಲನೆ ಹೊರಬರುತ್ತದೆ. ನಾರು ಔಷಧಿಯಲ್ಲ, ಔಷಧಿಯನ್ನು ತಡೆದು ಬಿಡುವಂಥದ್ದು. ಇಂದಿನ ಅನೇಕ ಮಾತ್ರೆಗಳಲ್ಲಿ ಈ ಕೆಲಸ ಮಾಡುವ ಹೈಪ್ರೊಮೆಲ್ಲೋಸ್ ಕೂಡ ಮರದ ತಿರುಳಿನಿಂದಲೋ ಹತ್ತಿಬೀಜಕ್ಕಂಟಿದ ಗಿಡ್ಡ ಎಳೆಗಳಿಂದಲೋ ಬಂದದ್ದು. ಹತ್ತಿ ಗಿರಣಿಗಳ ಊರಾದ ದಾವಣಗೆರೆಯವನಾಗಿ ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ.

ಚನ್ನಗಿರಿ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್.ಆರ್. (ಸಸ್ಟೇನ್ಡ್ ರಿಲೀಸ್, ಅಂದರೆ ಔಷಧಿಯನ್ನು ಹೀಗೆ ಮೆಲ್ಲಗೆ ಬಿಡುವ) ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಸಿಟ್ಟಿನಿಂದ ಬಂದು, "ಮೇಷ್ಟ್ರೇ, ನುಂಗಿದ ಮಾತ್ರೆ ಬೆಳಿಗ್ಗೆ ಇಡಿಯಾಗಿ ಹೊರಗೆ ಬೀಳ್ತದೆ, ಅಂಗಡಿಯವನು ಸುಣ್ಣದುಂಡೆ ಕೊಟ್ಟಾನೆ" ಎಂದರು. ಅಷ್ಟಕ್ಕೇ ನಿಲ್ಲದೆ, ಎಲೆಅಡಿಕೆಯ ಕುಟ್ಟಾಣಿಯಲ್ಲಿ ಮಾತ್ರೆಯನ್ನು ಪುಡಿಮಾಡಿ ಮಜ್ಜಿಗೆಯಲ್ಲಿ ಕುಡಿಯತೊಡಗಿದ್ದರು! ದಿನವಿಡೀ ಹರಡಬೇಕಾದ ಔಷಧಿ ಒಮ್ಮೆಲೇ ಬಿಡುಗಡೆಯಾಗಿ ವಾಕರಿಕೆ, ಭೇದಿ ಹಿಡಿದಿತ್ತು. ಹೊರಬಿದ್ದದ್ದು ಔಷಧಿ ಬಿಟ್ಟುಕೊಟ್ಟ ನಾರಿನ ಮುದ್ದೆ ಮಾತ್ರ ಎಂದು ಲೋಟದ ನೀರಿಗೆ ಮಾತ್ರೆ ಹಾಕಿ ತೋರಿಸಿದೆ. ಅದು ಉಬ್ಬಿ ಲೋಳೆಯಾಗುವುದನ್ನು ಬಹಳ ಹೊತ್ತು ನೋಡಿ, "ಹಾಗಾದ್ರೆ ಕುಟ್ಟಾಣಿಗೆ ಅಡಿಕೆಯೇ ಸರಿ" ಎಂದರು. ಎಸ್.ಆರ್. ಎಂದು ಬರೆದಿರುವ ಮಾತ್ರೆಯನ್ನು ಕುಟ್ಟಬಾರದು ಎಂದು ಎಷ್ಟು ಸಲ ಹೇಳುವುದು! ಕುಟ್ಟಿದರೆ ನಾರಿನ ತಡೆಯೇ ಮುರಿಯುತ್ತದೆ.

ಸಮಯ ಕಡಿಮೆಯಿದೆ. ಬಾರ್ಲಿಯ ಈ ನಾರನ್ನು ನಮ್ಮ ಜೀರ್ಣರಸಗಳು ಒಡೆಯಲಾರವು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆದ್ದರಿಂದಲೇ ದೊಡ್ಡ ಕರುಳಿನ ರೋಗಗಳಿಗೆ ಔಷಧಿಯನ್ನು ಅಲ್ಲಿಗೇ ತಲುಪಿಸಲು ಇದನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಹಸಿ ಚರಟದಲ್ಲಿ ಮುಕ್ಕಾಲು ಭಾಗ ನೀರಿರುವುದರಿಂದ ಬೇಗ ಹುಳಿಯುತ್ತದೆ, ಕೂಡಲೇ ಒಣಗಿಸಬೇಕು. ನಮ್ಮ ಜಿಲ್ಲೆಯ ಮೆಕ್ಕೆಜೋಳದ ತೌಡಿನಲ್ಲಿಯೂ ಇದೇ ಜಾತಿಯ ನಾರಿದೆ. ಅದನ್ನು ವಿವರಿಸಲು ಬಾನುಲಿಯವರು ಇನ್ನೊಮ್ಮೆ ಕರೆಯಬೇಕು. ನಮಸ್ಕಾರ.