ಅಲೆ ಅಂತೀರಾ? ಮೊದಲು ಪರ್ಸೆಂಟ್ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಹಳೇ ರಿಸಲ್ಟ್ ಒಂದನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ. 2023ರ ಮೇ 13, ನಮ್ಮ ಕರ್ನಾಟಕ ವಿಧಾನಸಭೆಯ ಮತ ಎಣಿಕೆ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಇದು ಎಲ್ಲರ ಬಾಯಲ್ಲೂ ಇರುವ ಲೆಕ್ಕ. ಆವತ್ತು ಮಧ್ಯಾಹ್ನದ ಹೊತ್ತಿಗೆ ಟಿವಿಯಲ್ಲಿ "ಅಲೆ" ಶುರುವಾಯಿತು, ಸಂಜೆಗೆ ಅದು "ಸುನಾಮಿ" ಆಯಿತು, ರಾತ್ರಿ ಚರ್ಚೆಯಲ್ಲಿ ಕೂತವರು ಬಿಜೆಪಿಗೆ ದಕ್ಷಿಣದ ಬಾಗಿಲೇ ಮುಚ್ಚಿತು ಅಂತ ಷರಾ ಬರೆದುಬಿಟ್ಟರು. ಗೆದ್ದೆತ್ತಿನ ಬಾಲ ಹಿಡಿಯೋದು ನಮಗೆ ಹೊಸದೇನಲ್ಲ ಬಿಡಿ.

ಈಗ ಇನ್ನೊಂದು ಲೆಕ್ಕ ಹೇಳುತ್ತೇನೆ. 2018ರಲ್ಲಿ ಬಿಜೆಪಿಗೆ ಬಂದ ಮತ ಶೇ 36.3. ಸೀಟು 104. 2023ರಲ್ಲಿ ಬಂದ ಮತ ಶೇ 36. ಸೀಟು 66. ಮತ ಹೆಚ್ಚುಕಮ್ಮಿ ಇದ್ದಲ್ಲೇ ಇದೆ, ಸೀಟು ಮಾತ್ರ 38 ಹೋಗಿದೆ. "ಜನ ಬಿಜೆಪಿಯನ್ನು ಕಿತ್ತೆಸೆದರು" ಅನ್ನೋರು ಈ ಎರಡು ಸಾಲನ್ನು ಒಂದು ಸಲ ಓದಬೇಕು.

ಹಾಗಾದರೆ ಕಾಂಗ್ರೆಸ್‌ಗೆ ಎಲ್ಲಿಂದ ಬಂತು? ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿತು. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ಇಲ್ಲಿ ಐದು ಏರಿದೆ, ಅಲ್ಲಿ ಐದು ಇಳಿದಿದೆ. ಅಲೆ ಅಂತ ಕರೆದಿದ್ದು ಈ ಐದು ಪರ್ಸೆಂಟನ್ನು.

ಆದರೆ ತಡೀರಿ, ಜೆಡಿಎಸ್‌ನ ಐದು ನೇರವಾಗಿ ನಡೆದು ಹೋಗಿ ಕಾಂಗ್ರೆಸ್ ಬುಟ್ಟಿಗೆ ಬಿತ್ತು ಅಂತ ನಾನು ಹೇಳುತ್ತಿಲ್ಲ. ರಾಜ್ಯದ ಒಟ್ಟು ಲೆಕ್ಕ ಒಳಗಿನ ಓಡಾಟವನ್ನು ಮುಚ್ಚಿಡುತ್ತದೆ. ಬಿಜೆಪಿಯ 2018ರ ಮೂವತ್ತಾರೂ 2023ರ ಮೂವತ್ತಾರೂ ಒಂದೇ ಜನರಲ್ಲ. ಹಳೇ ಮೈಸೂರು ಭಾಗದಲ್ಲಿ ಬಿಜೆಪಿಗೆ ಮತ ಜಾಸ್ತಿಯೇ ಆಯಿತು. ಆದರೆ ಅಲ್ಲಿ ಅವರು ಮೂರನೇ ಜಾಗದಲ್ಲಿದ್ದವರು, ಹೆಚ್ಚಾದ ಮತದಿಂದ ಸೋಲು ಸ್ವಲ್ಪ ಮರ್ಯಾದೆಯದಾಯಿತೇ ಹೊರತು ಸೀಟು ಬರಲಿಲ್ಲ. ಅದೇ ಕಿತ್ತೂರು ಕರ್ನಾಟಕ, ಮಧ್ಯ ಕರ್ನಾಟಕದಲ್ಲಿ ನೇರಾನೇರ ಪೈಪೋಟಿ ಇದ್ದ ಕಡೆ ಮತ ಜಾರಿತು, ಜೊತೆಗೆ ಸೀಟೂ ಜಾರಿತು. ಬೇಡದ ಕಡೆ ಬಂತು, ಬೇಕಾದ ಕಡೆ ಹೋಯಿತು. ಎಸ್‌ಟಿ ಮೀಸಲು ಕ್ಷೇತ್ರಗಳನ್ನಂತೂ ಕೇಳಲೇಬೇಡಿ, 15ರಲ್ಲಿ ಬಿಜೆಪಿ ಗೆದ್ದಿದ್ದು ಸೊನ್ನೆ.

ಇದು 2023ರ ಒಂದು ಸಲದ ಕಥೆಯೂ ಅಲ್ಲ. 2004 ನೋಡಿ. ಕಾಂಗ್ರೆಸ್‌ಗೆ ಶೇ 35 ಮತ, 65 ಸೀಟು. ಬಿಜೆಪಿಗೆ ಶೇ 28 ಮತ, 79 ಸೀಟು! 2008ರಲ್ಲಿ ದಕ್ಷಿಣದಲ್ಲಿ ಮೊದಲ ಕಮಲ ಅರಳಿತು ಅಂತ ದೇಶವೆಲ್ಲ ಮಾತಾಡಿತಲ್ಲ, ಆಗಲೂ ಮತ ಜಾಸ್ತಿ ಬಂದಿದ್ದು ಕಾಂಗ್ರೆಸ್‌ಗೇ. 2018ರಲ್ಲೂ ಹಾಗೇ. ಮೂರು ಚುನಾವಣೆಯಲ್ಲಿ ಜಾಸ್ತಿ ಮತ ತಗೊಂಡು ಕಡಿಮೆ ಸೀಟು ತಗೊಂಡ ಪಕ್ಷ ಅದು. ಕಾರಣ ಸರಳ. ಕಾಂಗ್ರೆಸ್ ಮತ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಹರಡಿಕೊಂಡಿದೆ, ಎಲ್ಲ ಕಡೆ ಒಂದಿಷ್ಟು. ಎದುರಾಳಿಗಳದ್ದು ಹಾಗಲ್ಲ, ಬಿಜೆಪಿಯದು ಉತ್ತರದಲ್ಲಿ, ಕರಾವಳಿಯಲ್ಲಿ ಗಟ್ಟಿ, ಜೆಡಿಎಸ್‌ನದು ಹಳೇ ಮೈಸೂರಿನಲ್ಲಿ ಗಟ್ಟಿ. ಗುಡ್ಡೆ ಹಾಕಿಕೊಂಡವರಿಗೆ ಸೀಟು, ಹರಡಿಕೊಂಡವರಿಗೆ ಬರೀ ಪರ್ಸೆಂಟು.

2013 ಇನ್ನೂ ಮಜಾ. ಬಿಜೆಪಿ 110ರಿಂದ 40ಕ್ಕೆ ಬಂತು. ಜನ ಪಾಠ ಕಲಿಸಿದರು ಅಂದರು. ಆದರೆ ಯಡಿಯೂರಪ್ಪನವರ ಕೆಜೆಪಿ ತಗೊಂಡ ಸುಮಾರು ಹತ್ತು ಪರ್ಸೆಂಟ್ ಮತ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ತಗೊಂಡ ಎರಡೂ ಮುಕ್ಕಾಲು, ಬಿಜೆಪಿಗೇ ಬಂದ ಇಪ್ಪತ್ತು, ಮೂರನ್ನೂ ಕೂಡಿಸಿ. ಮೂವತ್ತೆರಡರ ಮೇಲೆ ಬರುತ್ತದೆ. ಐದು ವರ್ಷ ಹಿಂದೆ ಅವರೆಲ್ಲ ಒಟ್ಟಿಗಿದ್ದಾಗ ಬಂದಿದ್ದು ಹತ್ತಿರ ಹತ್ತಿರ ಮೂವತ್ನಾಲ್ಕು. ಮತದಾರ ಕದಲಿದ್ದು ಅಷ್ಟಕ್ಕಷ್ಟೇ, ಕಿತ್ತಾಡಿಕೊಂಡಿದ್ದು ನಾಯಕರು. ಬಂಡಾಯದ ಬೆಲೆ ಏನು ಅಂತ ಪುತ್ತೂರಿನವರಿಗೆ ಕೇಳಿ. 2023ರಲ್ಲಿ ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು ಎರಡನೇ ಜಾಗಕ್ಕೆ ಬಂದರು, ಬಿಜೆಪಿ ಅಭ್ಯರ್ಥಿ ಮೂರಕ್ಕಿಳಿದರು, ಕಾಂಗ್ರೆಸ್‌ನ ಅಶೋಕ್ ರೈ ಗೆದ್ದರು.

ಇನ್ನು ಅಂತರದ ಮಾತು. ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಗೆದ್ದಿದ್ದು 1,22,392 ಮತಗಳಿಂದ. ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದಿದ್ದು ಮರು ಎಣಿಕೆ ಆದ ಮೇಲೆ, 16 ಮತದಿಂದ. ಹದಿನಾರು! ಒಂದು ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಮತದಾನದ ದಿನ ವೀಕೆಂಡ್ ಟ್ರಿಪ್ ಪ್ಲಾನ್ ಮಾಡದೇ ಇದ್ದಿದ್ದರೆ ಫಲಿತಾಂಶ ಬೇರೆ ಇರಬಹುದಿತ್ತು (ಮತದಾನ ಇದ್ದಿದ್ದು ಬುಧವಾರ, ಆದರೂ ನಮ್ಮ ಬೆಂಗಳೂರಿನವರನ್ನು ನಂಬೋ ಹಾಗಿಲ್ಲ). ವಿಧಾನಸೌಧದಲ್ಲಿ ಮಾತ್ರ ಲಕ್ಷದ ಅಂತರಕ್ಕೂ ಒಂದೇ ಕುರ್ಚಿ, ಹದಿನಾರಕ್ಕೂ ಒಂದೇ ಕುರ್ಚಿ. ಗಾಂಧಿನಗರ 105, ಶೃಂಗೇರಿ 201, ಮಾಲೂರು 248. ಈ ಮೂರೂ ಕಾಂಗ್ರೆಸ್‌ನ 135ರ ಒಳಗೆ ಸೇರಿಕೊಂಡಿವೆ.

ಕೆಲವರು ಈಗಲೇ ಕಾಮೆಂಟ್ ಟೈಪ್ ಮಾಡುತ್ತಿರುತ್ತೀರಿ. "ಕಾಂಗ್ರೆಸ್ ಗ್ಯಾರಂಟಿ ಬಗ್ಗೆ ಯಾಕೆ ಹೇಳಲ್ಲ, 40 ಪರ್ಸೆಂಟ್ ಕಮಿಷನ್ ಆರೋಪದ ಬಗ್ಗೆ ಯಾಕೆ ಹೇಳಲ್ಲ." ಅವು ಕೆಲಸ ಮಾಡಲಿಲ್ಲ ಅಂತ ನಾನೆಲ್ಲಿ ಹೇಳಿದೆ? ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದರೆ ಸುಮ್ನೆ ಮಾತಲ್ಲ. ಐದು ಪರ್ಸೆಂಟ್ ಏರಿಸೋದೂ ಸುಲಭದ ಕೆಲಸವಲ್ಲ. ನನ್ನ ತಕರಾರು ಇಷ್ಟೇ. 1985ರಲ್ಲಿ ರಾಮಕೃಷ್ಣ ಹೆಗಡೆ ಮತ್ತೆ ಗೆದ್ದು ಬಂದ ಮೇಲೆ ಈ ರಾಜ್ಯದಲ್ಲಿ ಆಳುವ ಪಕ್ಷ ಚುನಾವಣೆಯಲ್ಲಿ ಬಹುಮತ ತಗೊಂಡು ವಾಪಸ್ ಬಂದಿಲ್ಲ. ಅಂಥ ಕಡೆ 135 ನೋಡಿ ಗೆದ್ದವರು ಮೆರೆಯೋದು, 66 ನೋಡಿ ಸೋತವರು ಕಂಗಾಲಾಗೋದು, ಎರಡೂ ಅತಿ.

ಸೋತವರೇ ಈ ಲೆಕ್ಕವನ್ನು ಬೇಗ ಓದಿಕೊಂಡರು ನೋಡಿ. 36ಕ್ಕೆ 13 ಕೂಡಿಸಿದರೆ 49. ರಿಸಲ್ಟ್ ಬಂದ ನಾಲ್ಕೇ ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಎನ್‌ಡಿಎ ಸೇರಿತು. 2024ರ ಲೋಕಸಭೆಯಲ್ಲಿ ಕಾಂಗ್ರೆಸ್ ಮತ ಇನ್ನೂ ಏರಿ ಶೇ 45 ದಾಟಿತು, ಸಿಕ್ಕ ಸೀಟು 28ರಲ್ಲಿ 9. ಬಿಜೆಪಿ 17, ಜೆಡಿಎಸ್ 2. ಲೋಕಸಭೆಯಲ್ಲಿ ಮೋದಿ ಮುಖ ನೋಡಿ ಹಾಕುವವರು ಬೇರೆ, ಒಪ್ಪುತ್ತೇನೆ. ಆದರೂ ಮೂರು ಕೋನದ ಜಗಳದಲ್ಲಿ ಭರ್ಜರಿ ಗೆಲುವು ಕೊಟ್ಟ 43, ಎರಡೇ ಕೋನ ಉಳಿದಾಗ ಸಾಲದೇ ಹೋಗಬಹುದು ಅನ್ನೋದು ಕಾಂಗ್ರೆಸ್‌ನವರಿಗೆ ಅರ್ಥವಾಗಬೇಕಿತ್ತು.

ಹಾಗಂತ ಕೂಡಿಸಿದ್ದೆಲ್ಲ ಕೂಡಿಕೊಳ್ಳೋದೂ ಇಲ್ಲ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ ಉಪಚುನಾವಣೆ. ಕುಮಾರಸ್ವಾಮಿ ಬಿಟ್ಟು ಹೋದ ಕ್ಷೇತ್ರ, ಮಗ ನಿಖಿಲ್ ಅಭ್ಯರ್ಥಿ, ಹಿಂದೆ ಬಿಜೆಪಿ-ಜೆಡಿಎಸ್ ಎರಡರ ಮತ. ಕಾಗದದ ಮೇಲೆ ಸೋಲೋದೇ ಕಷ್ಟ. ಆದರೆ ಬಿಜೆಪಿ ಮತ ಅಂತ ಅಲ್ಲಿದ್ದದ್ದರಲ್ಲಿ ಬಹುಪಾಲು ಸಿ.ಪಿ. ಯೋಗೇಶ್ವರ್ ಅವರ ಸ್ವಂತದ್ದು. ಚುನಾವಣೆ ಹೊಸ್ತಿಲಲ್ಲಿ ಅವರು ಕಾಂಗ್ರೆಸ್‌ಗೆ ಜಿಗಿದರು, 25 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

2018 ಮತ್ತು 2023ರಲ್ಲಿ ನಿಮ್ಮ ಕ್ಷೇತ್ರದಲ್ಲಿ ಯಾವ ಪಕ್ಷಕ್ಕೆ ಎಷ್ಟು ಮತ ಅನ್ನೋದು ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲೇ ಇದೆ. ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಯಾರ ಮತ ಎಲ್ಲಿಗೆ ಹೋಗಿರಬಹುದು ಅಂತ ನಿಮ್ಮ ಊರಿನ ಲೆಕ್ಕದಲ್ಲಿ ಕಾಮೆಂಟ್ ಹಾಕಿ. ಮುಂದಿನ ವಿಡಿಯೋದಲ್ಲಿ ಅವುಗಳನ್ನೇ ತಗೊಂಡು ಮಾತಾಡೋಣ.