ಗಣಕದ ಗಂಟೆಗಳು ಯಾರ ಪಾಲಿಗೆ? ಸರ್ಕಾರಿ ಹೂಡಿಕೆಯ ಲೆಕ್ಕ, ಕೊಡಗಿನಿಂದ ನೋಡಿದಾಗ

(ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಹಿರಿಯರೇ, ಸ್ನೇಹಿತರೇ, ವಿದ್ಯಾರ್ಥಿಗಳೇ,

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕವಿದೆ. ಕಾಫಿ ತೋಟವಿರುವ ಮನೆಗಳಿಂದ ಬಂದ ನಿಮಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಡುವುದನ್ನು ನನ್ನ ತಂದೆಯವರು ವ್ರತದಂತೆ ಪಾಲಿಸುತ್ತಿದ್ದರು. ಹೂಮಳೆ ಯಾವ ದಿನ ಬಂತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅದರಲ್ಲಿದೆ. 2018ರ ಆಗಸ್ಟ್ ತಿಂಗಳ ಪುಟದಲ್ಲಿ ಮಾತ್ರ ಒಂದು ದಿನದ ಎದುರು ಅಂಕಿಯಿಲ್ಲ. "ಮಾಪಕ ತುಂಬಿ ಚೆಲ್ಲಿದೆ" ಎಂದಷ್ಟೇ ಬರೆದಿದ್ದಾರೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದು ಆ ದಿನಗಳಲ್ಲೇ.

ಕೃತಕ ಬುದ್ಧಿಮತ್ತೆಗೆ ಬೇಕಾದ ಗಣನ ಸಾಮರ್ಥ್ಯವನ್ನು ದೇಶದೊಳಗೇ ಕಟ್ಟಲು ಸರ್ಕಾರ ಹಣ ಹಾಕುತ್ತಿರುವ ವಿಷಯವನ್ನು ನಾನು ಈ ಪುಸ್ತಕದಿಂದ ಆರಂಭಿಸಲು ಕಾರಣವಿದೆ. ಆ ಹಣದ ಬಗ್ಗೆ ದೆಹಲಿ, ಬೆಂಗಳೂರುಗಳಲ್ಲಿ ನಡೆಯುವ ಚರ್ಚೆ ಬಹುಪಾಲು ಯಂತ್ರಗಳ ಎಣಿಕೆಯಲ್ಲೇ ಮುಗಿದುಹೋಗುತ್ತದೆ. ಆ ಯಂತ್ರಗಳ ಗಂಟೆಗಳು ಯಾರಿಗೆ ಸಿಗುತ್ತವೆ, ಆ ಗಂಟೆಗಳಲ್ಲಿ ಹುಟ್ಟಿದ್ದು ಯಾರಿಗೆ ಮರಳುತ್ತದೆ ಎಂದು ಕೇಳುವ ಹಕ್ಕು ನಮಗೂ ಇದೆ.

ಮೊದಲು ಯೋಜನೆಯ ಸ್ವರೂಪವನ್ನು ನೋಡೋಣ. ಕೇಂದ್ರ ಸಚಿವ ಸಂಪುಟ 2024ರ ಮಾರ್ಚ್ 7ರಂದು ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಗಳಿಗೆ 10,371.92 ಕೋಟಿ ರೂಪಾಯಿ. ಅದರಲ್ಲಿ ಐದನೇ ಎರಡು ಭಾಗಕ್ಕೂ ಹೆಚ್ಚು ಹಣ ಗಣನ ಸಾಮರ್ಥ್ಯಕ್ಕೇ ಮೀಸಲು. ಆರಂಭದಲ್ಲಿ 10,000 ಜಿಪಿಯುಗಳ ಗುರಿಯಿತ್ತು. 2025ರ ಜನವರಿಯ ಹೊತ್ತಿಗೆ 18,693 ಜಿಪಿಯುಗಳು ನಿಗದಿಯಾದವು, ಅದೇ ವರ್ಷದಲ್ಲಿ ಸಂಖ್ಯೆ 38,000 ದಾಟಿತು. ಜಿಪಿಯು ಎಂದರೆ ಮೂಲತಃ ಪರದೆಯ ಮೇಲೆ ಚಿತ್ರ ಮೂಡಿಸಲು ಹುಟ್ಟಿದ ಚಿಪ್. ಸಾವಿರಾರು ಸಣ್ಣ ಗುಣಾಕಾರಗಳನ್ನು ಒಟ್ಟೊಟ್ಟಿಗೆ ಮಾಡುವುದು ಅದರ ಗುಣ, ಮತ್ತು ಭಾಷಾ ಮಾದರಿಗೆ, ಅಂದರೆ ಅಪಾರ ಬರಹವನ್ನು ಓದಿ ಭಾಷೆ ಕಲಿಯುವ ತಂತ್ರಾಂಶಕ್ಕೆ, ತರಬೇತಿ ಕೊಡುವ ಕೆಲಸವೆಂದರೆ ಅಂಥ ಗುಣಾಕಾರಗಳ ರಾಶಿಯೇ ಆದ್ದರಿಂದ ಈ ಚಿಪ್‌ಗೆ ಇಂದಿನ ಬೆಲೆ ಬಂದಿದೆ. ಎಚ್100 ಎಂಬ ಮಾದರಿಯ ಒಂದೇ ಜಿಪಿಯು 700 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. ಅಡುಗೆಮನೆಯ ಮಿಕ್ಸಿಯನ್ನು ಹಗಲು ರಾತ್ರಿ ನಿಲ್ಲಿಸದೆ ಓಡಿಸಿದಂತೆ ಎಂದುಕೊಳ್ಳಿ. ಇವುಗಳನ್ನು ಸಾವಿರಗಟ್ಟಲೆ ಒಂದೆಡೆ ಜೋಡಿಸಿದರೆ ಅದರ ತಾಪವನ್ನು ತಣಿಸುವುದೇ ಇನ್ನೊಂದು ದೊಡ್ಡ ಕೆಲಸವಾಗುತ್ತದೆ.

ಈ ಯೋಜನೆಯಲ್ಲಿ ಸರ್ಕಾರ ಯಂತ್ರಗಳನ್ನು ತಾನೇ ಕೊಂಡು ಇಟ್ಟುಕೊಂಡಿಲ್ಲ ಎಂಬುದನ್ನು ಅನೇಕರು ಗಮನಿಸಿಲ್ಲ. ಖಾಸಗಿ ಡೇಟಾ ಸೆಂಟರ್ ಕಂಪನಿಗಳಿಂದ ದರ ಕರೆದು, ಅರ್ಹರೆನಿಸಿದ ನವೋದ್ಯಮಗಳು, ವಿದ್ಯಾಸಂಸ್ಥೆಗಳು, ಸಂಶೋಧಕರು ಆ ಯಂತ್ರಗಳನ್ನು ಬಳಸಿದಾಗ ಬಾಡಿಗೆಯಲ್ಲಿ ಶೇ. 40ರವರೆಗೆ ತಾನು ಭರಿಸುತ್ತದೆ. ಹೀಗಾಗಿ ಒಂದು ಜಿಪಿಯುವಿನ ಒಂದು ಗಂಟೆ ಸರಾಸರಿ 65 ರೂಪಾಯಿಗೆ ಸಿಗುತ್ತದೆ ಎಂದು ಸರ್ಕಾರ ಹೇಳಿದೆ. ಜಗತ್ತಿನ ಮಾರುಕಟ್ಟೆ ದರಕ್ಕೆ ಹೋಲಿಸಿದರೆ ಇದು ನಿಜಕ್ಕೂ ಅಗ್ಗ. ಇಂಥ ಚಿಪ್‌ಗಳು ನಾಲ್ಕೈದು ವರ್ಷಗಳಲ್ಲಿ ಹಳತಾಗುವುದರಿಂದ ಬಾಡಿಗೆಯ ದಾರಿ ವಿವೇಕದ್ದು ಎಂಬ ವಾದವನ್ನೂ ನಾನು ಒಪ್ಪುತ್ತೇನೆ. ಆದರೆ ಪೂರ್ತಿಯಾಗಿ ಅಲ್ಲ. ಬಾಡಿಗೆಯ ಅವಧಿ ಮುಗಿದ ದಿನ ಯಂತ್ರ ಆ ಖಾಸಗಿ ಕಂಪನಿಯವರದ್ದು, ಕಟ್ಟಡ ಅವರದ್ದು, ಅದನ್ನು ನಡೆಸಿ ಕಲಿತ ಎಂಜಿನಿಯರುಗಳೂ ಅವರವರೇ.

ಕಲಿಕೆಯ ಈ ಮಾತು ಸಣ್ಣದಲ್ಲ. 1980ರ ದಶಕದಲ್ಲಿ ಕ್ರೇ ಸೂಪರ್ ಕಂಪ್ಯೂಟರ್ ಕೊಳ್ಳಲು ಭಾರತಕ್ಕೆ ಅಮೆರಿಕ ಅಡ್ಡಿ ಒಡ್ಡಿದಾಗ ನಮ್ಮ ಸರ್ಕಾರ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಗಣಕ ಸಂಶೋಧನಾ ಸಂಸ್ಥೆಯನ್ನು ಕಟ್ಟಿತು. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಎಂಬ ಸೂಪರ್ ಕಂಪ್ಯೂಟರ್ ಸಿದ್ಧವಾಯಿತು. ಆ ಯಂತ್ರ ಇಂದು ಹಳೆಯ ಸರಕು, ನಿಜ. ಆದರೆ ಅದನ್ನು ಕಟ್ಟಿದ ಕೈಗಳ ಅನುಭವ ಸಂಸ್ಥೆಯಲ್ಲೇ ಉಳಿಯಿತು. 2015ರಲ್ಲಿ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಶುರುವಾದಾಗ ಅದರ ಹೊಣೆಯನ್ನು ಸಿ-ಡ್ಯಾಕ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೊರಲು ಸಾಧ್ಯವಾದದ್ದರ ಹಿಂದೆ ಆ ಅನುಭವವಿತ್ತು. 2025ರ ಜನವರಿಯಲ್ಲಿ ಅಮೆರಿಕ ಮತ್ತೆ ಉನ್ನತ ಜಿಪಿಯುಗಳ ರಫ್ತಿಗೆ ದೇಶವಾರು ಮಿತಿ ಹಾಕುವ ನಿಯಮ ಪ್ರಕಟಿಸಿತು. ಮಿತಿಗೊಳಪಡುವ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಮೇ ತಿಂಗಳಲ್ಲಿ ಆ ನಿಯಮವನ್ನು ಹಿಂದಕ್ಕೆ ಪಡೆದರು, ಆದರೆ ಅಂಥದ್ದು ಇನ್ನೊಮ್ಮೆ ಬರುವುದಿಲ್ಲ ಎಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಬಾಡಿಗೆಯ ಜೊತೆಗೆ ಒಂದು ಪಾಲನ್ನಾದರೂ ಸಾರ್ವಜನಿಕ ಸಂಸ್ಥೆಗಳು ಸ್ವಂತಕ್ಕೆ ಇಟ್ಟುಕೊಂಡು ನಡೆಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರಿಟನ್ ಹಾಗೆಯೇ ಮಾಡಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಐಸಂಬಾರ್ಡ್-ಎಐ ಯಂತ್ರ ಸಾರ್ವಜನಿಕ ಹಣದಲ್ಲಿ ಸಂಶೋಧಕರಿಗಾಗಿಯೇ ಕಟ್ಟಿದ್ದು.

ಚಿಪ್‌ಗಳೇ ಹೊರದೇಶದವಾದರೆ 'ದೇಶೀಯ' ಎಂಬ ಮಾತಿಗೆ ಏನರ್ಥ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಕಾವೇರಿಯ ದಂಡೆಯಲ್ಲೇ ಇದೆ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದಾಗ ಅದರ ಯಂತ್ರಗಳು ಬಂದದ್ದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ. ಯಂತ್ರ ಹೊರಗಿನದಾದರೂ ನಿಲ್ದಾಣ ಸಂಸ್ಥಾನದ್ದಾಗಿತ್ತು, ತಂತಿ ಸಂಸ್ಥಾನದ್ದಾಗಿತ್ತು, ವಿದ್ಯುತ್ತನ್ನು ಯಾರಿಗೆ ಯಾವ ದರಕ್ಕೆ ಕೊಡಬೇಕೆಂಬ ತೀರ್ಮಾನವೂ ಸಂಸ್ಥಾನದ್ದೇ ಆಗಿತ್ತು. ಇಷ್ಟು ಹೇಳಿ ಅದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಆ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಹಳ್ಳಿಗಳ ಸರದಿ ಬರಲು ದಶಕಗಳೇ ಬೇಕಾದವು. ಆಗ ಕೊಡಗು ಬೇರೆಯೇ ಪ್ರಾಂತ್ಯ, ಆ ತಂತಿಯ ಲೆಕ್ಕದಲ್ಲೇ ನಾವಿರಲಿಲ್ಲ. ತಲಕಾವೇರಿಯ ನೀರು ಚಕ್ರ ತಿರುಗಿಸುತ್ತಿದ್ದ ಕಾಲದಲ್ಲಿ ನಮ್ಮ ಮನೆಗಳಲ್ಲಿ ಸೀಮೆಎಣ್ಣೆಯ ದೀಪವೇ ಇತ್ತು.

ಹೊಸ ವಿದ್ಯುತ್ತಿನಂಥ ಈ ಗಣನ ಸಾಮರ್ಥ್ಯದ ವಿಷಯದಲ್ಲೂ ಮೊದಲ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಬೇಕು. 2025ರ ಏಪ್ರಿಲ್‌ನಲ್ಲಿ ಭಾರತೀಯ ಭಾಷೆಗಳ ದೊಡ್ಡ ಮಾದರಿಯನ್ನು ಕಟ್ಟಲು ಬೆಂಗಳೂರಿನ ಸರ್ವಂ ಎಐ ಎಂಬ ನವೋದ್ಯಮ ಆಯ್ಕೆಯಾಯಿತು. ಅದಕ್ಕೆ ಆರು ತಿಂಗಳಿಗೆ 4,096 ಜಿಪಿಯು. ಗುಣಿಸಿ ನೋಡಿದರೆ ಸುಮಾರು 1.8 ಕೋಟಿ ಜಿಪಿಯು ಗಂಟೆಗಳು. ನಾನು ಇದನ್ನು ಆಕ್ಷೇಪಿಸುವುದಿಲ್ಲ. ಕನ್ನಡವನ್ನು ಸರಿಯಾಗಿ ಬಲ್ಲ ಮಾದರಿ ನಮಗೆ ಬೇಕೇ ಬೇಕು. 'ಮಡಿಕೇರಿಯಲ್ಲಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಯಂತ್ರದ ಒಳಗೆ ಅದು 12 ಸಂಕೇತ, 36 ಬೈಟ್ (ಬೈಟ್ ಎಂದರೆ ಗಣಕ ಮಾಹಿತಿಯನ್ನು ಅಳೆಯುವ ಸಣ್ಣ ಘಟಕ). ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದೇ ಪದಕ್ಕೆ 13 ಬೈಟ್ ಸಾಕು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಮಾದರಿಗಳು ಕನ್ನಡದ ಪದವನ್ನು ಅರ್ಥವಿಲ್ಲದ ಚೂರುಗಳಾಗಿ ಒಡೆಯುತ್ತವೆ, ಚೂರು ಹೆಚ್ಚಿದಷ್ಟೂ ಗಂಟೆ ಹೆಚ್ಚು ಬೇಕಾಗುತ್ತದೆ, ಗಂಟೆ ಹೆಚ್ಚಿದಷ್ಟೂ ಹಣ. ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರು ಒಂದೇ ಕೆಲಸಕ್ಕೆ ಹೆಚ್ಚು ತೆರಬೇಕಾದ ಈ ಸ್ಥಿತಿಯನ್ನು ಮಾರುಕಟ್ಟೆ ತಾನಾಗಿ ಸರಿಪಡಿಸುವುದಿಲ್ಲ. ಸರ್ಕಾರದ ಹಣಕ್ಕೆ ಇಲ್ಲಿ ಕೆಲಸವಿದೆ.

ಕನ್ನಡಕ್ಕೇ ಹೀಗಿರುವಾಗ ಕೊಡವರ ನುಡಿಯಾದ ಕೊಡವ ತಕ್ಕ್‌ನ ಗತಿಯೇನು? 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 1.13 ಲಕ್ಷ ಮಂದಿ. ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದು ಇಲ್ಲ, ತುಳುವೂ ಇಲ್ಲ, ಎರವ ಮತ್ತು ಜೇನುಕುರುಬರ ನುಡಿಗಳ ಹೆಸರಂತೂ ಯಾರ ಬಾಯಲ್ಲೂ ಬರುವುದಿಲ್ಲ. ಭಾಷೆಯಿಂದ ಭಾಷೆಗೆ ಅನುವಾದ ಒದಗಿಸುವ ಭಾಷಿಣಿಯಂಥ ಸರ್ಕಾರಿ ಯೋಜನೆಗಳು ಮೊದಲು ಆ 22 ಭಾಷೆಗಳನ್ನೇ ಗುರಿಯಾಗಿಟ್ಟುಕೊಂಡವು. ಹಿರಿಯರೊಬ್ಬರು ಕುಲದ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗುಲಿಯಲ್ಲಿ, ಕುಳಿತು ಹೇಳುವ ಮಾತನ್ನು ಬರಹಕ್ಕಿಳಿಸಬಲ್ಲ ಒಂದು ಸಣ್ಣ ಮಾದರಿಗೆ ಕೋಟಿ ಗಂಟೆ ಬೇಕಿಲ್ಲ. ಎಂಟು ಜಿಪಿಯುಗಳ ಒಂದು ಸರ್ವರ್ 52 ದಿನ ಓಡಿದರೆ ಹತ್ತಿರ ಹತ್ತಿರ 10,000 ಗಂಟೆಗಳಾಗುತ್ತವೆ. ಸಹಾಯಧನದ ದರದಲ್ಲಿ ಅದು ಸುಮಾರು ಆರೂವರೆ ಲಕ್ಷ ರೂಪಾಯಿ. ಜಿಲ್ಲೆಯ ಒಂದು ಕಾಲೇಜು ಹೊರಬಹುದಾದ ಕನಸು ಇದು. ಆದರೆ ಆ ಗಂಟೆಗಳನ್ನು ಕೇಳಲು ಅರ್ಜಿ ಬರೆಯಬಲ್ಲವರು, ಧ್ವನಿಗಳನ್ನು ಸಂಗ್ರಹಿಸಿ ಅಚ್ಚುಕಟ್ಟಾಗಿ ಜೋಡಿಸಬಲ್ಲವರು ಇಲ್ಲಿ ಇರಬೇಕು, ಮತ್ತು ಅವರ ಸಂಬಳಕ್ಕೂ ಯೋಜನೆಯಲ್ಲಿ ಜಾಗವಿರಬೇಕು. ಯಂತ್ರಕ್ಕೆ ಸಹಾಯಧನ ಕೊಟ್ಟು ಮನುಷ್ಯರಿಗೆ ಕೊಡದಿದ್ದರೆ ಗಂಟೆಗಳು ಖಾಲಿ ಉಳಿಯುತ್ತವೆ. 2024-25ರಲ್ಲಿ ಈ ಮಿಷನ್‌ಗೆ ಬಜೆಟ್‌ನಲ್ಲಿ ಇಟ್ಟದ್ದು 551.75 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ಉಳಿದದ್ದು 173 ಕೋಟಿ. ಹಣ ಘೋಷಿಸುವುದಕ್ಕಿಂತ ಅದು ಬಳಕೆಯಾಗುವಂತೆ ಮಾಡುವುದೇ ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮರಳಿ ಮಳೆಗೆ ಬರುತ್ತೇನೆ, ಏಕೆಂದರೆ ಸಾರ್ವಜನಿಕ ಯಂತ್ರ ಸಾರ್ವಜನಿಕ ಕೆಲಸಕ್ಕೆ ಒದಗಿದ ಒಳ್ಳೆಯ ನಿದರ್ಶನ ಅಲ್ಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ 850 ಕೋಟಿ ರೂಪಾಯಿ ವೆಚ್ಚದ ಅರ್ಕ ಮತ್ತು ಅರುಣಿಕ ಎಂಬ ಸೂಪರ್ ಕಂಪ್ಯೂಟರುಗಳು ಹವಾಮಾನ ಸಂಶೋಧನೆಗೆಂದೇ ಪುಣೆ ಮತ್ತು ನೋಯ್ಡಾಗಳಲ್ಲಿ ಬಂದವು. ಅವುಗಳ ಬಲದಿಂದ 2025ರ ಮೇ ತಿಂಗಳಲ್ಲಿ ಭಾರತ್ ಮುನ್ಸೂಚನಾ ವ್ಯವಸ್ಥೆ ಜಾರಿಗೆ ಬಂದು, 12 ಕಿಲೋಮೀಟರ್ ಚೌಕದಲ್ಲಿ ನೋಡುತ್ತಿದ್ದ ಮುನ್ಸೂಚನೆ 6 ಕಿಲೋಮೀಟರಿಗೆ ಇಳಿಯಿತು. ಬಯಲುಸೀಮೆಯಲ್ಲಿ ಇದು ಅಂಕಿಯ ಬದಲಾವಣೆಯಾಗಿ ಕಾಣಬಹುದು. ಭಾಗಮಂಡಲದಲ್ಲಿ ಬಿಡದೆ ಸುರಿಯುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗಿಸುವಷ್ಟು ಬಿಸಿಲಿರುವ ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಆದರೂ ಒಂದು ಗುಡ್ಡದ ಈ ಮೈ, ಆ ಮೈ 6 ಕಿಲೋಮೀಟರಿನೊಳಗೇ ಅಡಗಿಬಿಡುತ್ತವೆ. ಅದಕ್ಕಿಂತ ಸೂಕ್ಷ್ಮವಾಗಿ ನೋಡಲು ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಸ್ಥಳೀಯ ಮಳೆಯ ದಾಖಲೆಗಳಿಂದ ಪಳಗಿಸಬೇಕು, ಮತ್ತು ಆ ದಾಖಲೆಗಳು ಯಾವ ಡೇಟಾ ಸೆಂಟರಿನಲ್ಲೂ ಇಲ್ಲ. ನಮ್ಮ ಕಪಾಟುಗಳಲ್ಲಿವೆ.

ಆದ್ದರಿಂದ ಎರಡು ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಸಾರ್ವಜನಿಕ ಹಣದಿಂದ ಪಡೆದ ಪ್ರತಿ ಸಾವಿರ ಗಂಟೆ ಯಾವ ಸಂಸ್ಥೆಗೆ, ಯಾವ ಜಿಲ್ಲೆಗೆ, ಯಾವ ಕೆಲಸಕ್ಕೆ ಹೋಯಿತೆಂಬ ಲೆಕ್ಕವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ. ಆ ಗಂಟೆಗಳಲ್ಲಿ ತಯಾರಾದ ಮಾದರಿಗಳು ಕಾಲೇಜುಗಳಿಗೂ ಪಂಚಾಯಿತಿಗಳಿಗೂ ಮುಕ್ತವಾಗಿ ಸಿಗಲಿ. ನಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. ತಂದೆಯವರ ಮಳೆ ಪುಸ್ತಕದ ಪುಟಗಳನ್ನು ನಾನು ಈ ಬೇಸಿಗೆಯಲ್ಲಿ ಒಂದೊಂದಾಗಿ ಫೋಟೊ ತೆಗೆದು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸತೊಡಗಿದ್ದೇನೆ. ಗೆದ್ದಲು ತಿಂದ ಅಂಚುಗಳಲ್ಲಿ ಕೆಲವು ಅಂಕಿಗಳು ಹೋಗಿವೆ, ಕೆಲವೆಡೆ ಶಾಯಿ ಹರಡಿದೆ. ಪಕ್ಕದ ತೋಟದವರ ಪುಸ್ತಕ ಸಿಕ್ಕರೆ ಆ ಖಾಲಿಗಳಲ್ಲಿ ಅರ್ಧದಷ್ಟನ್ನಾದರೂ ತುಂಬಬಹುದು. 2018ರ ಆಗಸ್ಟ್‌ನ ಆ ಒಂದು ದಿನ ನಿಮ್ಮಲ್ಲಿ ಯಾರ ಮನೆಯ ಮಾಪಕವಾದರೂ ಚೆಲ್ಲದೆ ಉಳಿದಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿರಿ.