ಒಂಬತ್ತು ಗಂಟೆಯ ತಪ್ಪಿಗೆ ಒಂಬತ್ತು ಗಂಟೆಗೇ ತಿದ್ದುಪಡಿ

ಕೇಳುಗರಿಗೆ ನಮಸ್ಕಾರ.

ತೊಗರಿ ರಾಶಿ ಮುಗಿದು ಮಾಲು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬರುತ್ತಿದ್ದ ದಿನಗಳಲ್ಲಿ, ಆಳಂದ ಕಡೆಯ ನಮ್ಮ ಕಾಕಾ ಅಡತ್ (ದಲ್ಲಾಳಿ) ಅಂಗಡಿಯ ಕಟ್ಟೆಯ ಮೇಲೆ ಮಾರಾಟದ ಪಟ್ಟಿ ಹಿಡಿದುಕೊಂಡು ಕುಳಿತಿದ್ದರು. ಅದರಲ್ಲಿ ಬರೆದಿದ್ದ ದರ ಕ್ವಿಂಟಲಿಗೆ ಏಳು ಸಾವಿರ ರೂಪಾಯಿಯನ್ನೂ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಒಂಬತ್ತು ಗಂಟೆಯ ಟಿವಿ ಚರ್ಚೆಯಲ್ಲಿ ಒಂದು ಪಕ್ಷದ ವಕ್ತಾರರು, ನಮ್ಮ ಜಿಲ್ಲೆಯ ರೈತರು ತೊಗರಿಗೆ 8,000 ರೂಪಾಯಿ ಪಡೆಯುತ್ತಿದ್ದಾರೆ ಎಂದು ಹೇಳಿದ್ದರು. ಎದುರಿಗಿದ್ದ ಇನ್ನೊಂದು ಪಕ್ಷದವರು, ಬೆಂಬಲ ಬೆಲೆಯನ್ನೇ ರದ್ದು ಮಾಡಲಾಗಿದೆ ಎಂದು ಕೂಗಿದ್ದರು. ಕಾಕಾ ಅಡತ್ಯಾನನ್ನು ಕೇಳಿದರು: "ಟಿವಿಯಾಗ ಎಂಟು ಸಾವಿರ ಅಂದ್ರಲ್ಲೋ ತಮ್ಮಾ, ನಡುವಿನ ರೊಕ್ಕ ಯಾರ ಕಿಸೇಕ ಹೋತು?" ಅವನು ತಲೆಯೆತ್ತದೆ, "ಹಂಗಾದ್ರ ಟಿವಿಯವ್ರಿಗೇ ಮಾರ್ರಿ ಕಾಕಾ" ಎಂದ.

ಆ ರಾತ್ರಿ ಆಡಿದ ಎರಡೂ ಮಾತುಗಳು ತಪ್ಪಾಗಿದ್ದವು, ಆದರೆ ಒಂದೇ ಬಗೆಯಲ್ಲಿ ಅಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಪ್ರಕಟಿಸಿದ ಬೆಂಬಲ ಬೆಲೆ 8,000 ರೂಪಾಯಿ ಎಂಬುದು ನಿಜವಾದ್ದರಿಂದ, ಅದು ರದ್ದಾಗಿದೆ ಎಂಬ ಮಾತು ನೇರವಾದ ಸುಳ್ಳು, ಮತ್ತು ಅಂಥ ಸುಳ್ಳನ್ನು ಹಿಡಿಯುವುದು ಕಷ್ಟವಲ್ಲ. ಮೊದಲನೆಯ ಮಾತು ಹಾಗಲ್ಲ; ಅದರಲ್ಲಿ ಅಂಕಿ ಸರಿ, ಕ್ರಿಯಾಪದ ತಪ್ಪು. ಬೆಲೆಯನ್ನು ಪ್ರಕಟಿಸುವುದು ಬೇರೆ, ಖರೀದಿ ಕೇಂದ್ರ ತೆರೆದು, ಹೆಸರು ನೋಂದಾಯಿಸಿದ ರೈತನ ಮಾಲನ್ನು ಗುಣಮಟ್ಟ ನೋಡಿ ತೂಗಿಸಿಕೊಂಡು ಅವನ ಖಾತೆಗೆ ಹಣ ಹಾಕುವುದು ಬೇರೆ ಎಂಬುದನ್ನು ಬಲ್ಲವರೇ, "ಪ್ರಕಟಿಸಿದ್ದಾರೆ" ಎನ್ನಬೇಕಾದಲ್ಲಿ "ಪಡೆಯುತ್ತಿದ್ದಾರೆ" ಎಂದು ಹೇಳುತ್ತಾರೆ.

ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ ಇದಕ್ಕೆ ಹೆಸರಿದೆ. 1994ರ ಆ ನಿಯಮಗಳ ಆರನೆಯ ನಿಯಮವು, ಬೇಕೆಂದೇ ಹೇಳಿದ ಸುಳ್ಳನ್ನೂ, ಸೂಚ್ಯವಾದ ಕುಹಕವನ್ನೂ, ಅರ್ಧಸತ್ಯವನ್ನೂ ಒಂದೇ ಸಾಲಿನಲ್ಲಿಟ್ಟು ಪ್ರಸಾರಕ್ಕೆ ನಿಷೇಧಿಸಿದೆ. ಅರ್ಧಸತ್ಯವೆಂಬ ಪದವನ್ನು ಕಾನೂನಿನಲ್ಲಿ ಬರೆದವರು ಯಾರೋ, ಅವರಿಗೆ ರಾಜಕೀಯ ಭಾಷಣಗಳ ಒಳ್ಳೆಯ ಪರಿಚಯ ಇದ್ದಿರಬೇಕು.

ನಮ್ಮ ಭಾಗದವರು ಇಂಥ ಮಾತಿನ ಪೆಟ್ಟನ್ನು ಇನ್ನೊಂದು ವಿಷಯದಲ್ಲಿಯೂ ತಿನ್ನುತ್ತಾರೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಒಳಗಿನ ಸ್ಥಳೀಯ ಹುದ್ದೆಗಳಲ್ಲಿ ಎ ಮತ್ತು ಬಿ ವೃಂದಕ್ಕೆ ಶೇಕಡಾ 75, ಸಿ ವೃಂದಕ್ಕೆ 80, ಡಿ ವೃಂದಕ್ಕೆ 85ರಷ್ಟು ಮೀಸಲಾತಿ ಈ ಭಾಗದವರಿಗೆ ಇದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಅದು ಶೇಕಡಾ 8 ಮಾತ್ರ. ಈ ಎಂಟನ್ನು ನುಂಗಿ ಎಂಬತ್ತನ್ನು ಮಾತ್ರ ಉಚ್ಚರಿಸಿದರೆ, ರಾಜ್ಯದ ನೌಕರಿಗಳೆಲ್ಲ ಈ ಕಡೆಗೇ ಹರಿದು ಬರುತ್ತಿವೆ ಎಂದು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಕೇಳುವ ಯುವಕನಿಗೆ ಅನ್ನಿಸದೆ ಇರಲಾರದು. ಅಂಥ ಸಂದರ್ಭದಲ್ಲಿ ಎಂಟರ ಲೆಕ್ಕವನ್ನು ಕೇಳಬೇಕಾದವರು ಕಾರ್ಯಕ್ರಮದ ನಿರೂಪಕರು. ಅತಿಥಿಯ ಅಭಿಪ್ರಾಯ ಅತಿಥಿಯದೇ ಆಗಿರಬಹುದು, ಆದರೆ ಶೇಕಡಾವಾರು ಲೆಕ್ಕವು ಯಾರೊಬ್ಬರ ಅಭಿಪ್ರಾಯವೂ ಆಗುವುದಿಲ್ಲ, ಮತ್ತು ಅದನ್ನು ಪರೀಕ್ಷಿಸದೆ ಸಾವಿರಾರು ಮನೆಗಳಿಗೆ ತಲುಪಿಸಿದ ವಾಹಿನಿಯು ತಾನು ಬರೀ ವೇದಿಕೆ ಒದಗಿಸಿದೆನೆಂದು ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ.

ದೂರು ಕೊಡುವ ದಾರಿ ಇದೆ. ಕೇಬಲ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ದೂರು ಬಂದ 24 ಗಂಟೆಯೊಳಗೆ ವಾಹಿನಿಯು ಸ್ವೀಕೃತಿ ಕಳುಹಿಸಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು; ಅದು ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮುಂದಿನ 15 ದಿನಗಳಲ್ಲಿ ಮೇಲ್ಮನವಿ ಹೋಗಬಹುದು, ಅದಕ್ಕೂ ಮೇಲೆ ಕೇಂದ್ರ ಸರ್ಕಾರದ ಮೇಲ್ವಿಚಾರಣೆಯ ಹಂತ ಇದೆ. ವಾಹಿನಿಗಳು ತಮ್ಮ ಪ್ರಸಾರದ ರೆಕಾರ್ಡಿಂಗನ್ನು 90 ದಿನ ಇಟ್ಟುಕೊಳ್ಳಲೇಬೇಕಾದ್ದರಿಂದ, ವಾಹಿನಿಯ ಹೆಸರು, ತಾರೀಖು, ಗಂಟೆ ಮತ್ತು ಆಡಿದ ವಾಕ್ಯ, ಇಷ್ಟನ್ನು ಆ ಕ್ಷಣವೇ ಗುರುತು ಹಾಕಿಕೊಂಡವರ ದೂರಿಗೆ ಬಲ ಬರುತ್ತದೆ. "ಟಿವಿಯವರು ಸುಳ್ಳು ಹೇಳುತ್ತಾರೆ" ಎಂದಷ್ಟೇ ಬರೆದ ಪತ್ರಕ್ಕೆ ಯಾರೂ ಉತ್ತರ ಕೊಡಲಾರರು.

ಆದರೆ ದಂಡದ ಮಾತು ಬಂದಾಗ ನಗು ಬರುತ್ತದೆ. ಇಂಥದೊಂದು ಸ್ವಯಂ ನಿಯಂತ್ರಣ ಸಂಸ್ಥೆಯಾದ ಸುದ್ದಿ ವಾಹಿನಿಗಳ ಸಂಘದ ಪ್ರಾಧಿಕಾರವು ವಿಧಿಸಬಹುದಾದ ಅತಿ ಹೆಚ್ಚಿನ ದಂಡ ಒಂದು ಲಕ್ಷ ರೂಪಾಯಿ ಆಗಿದ್ದದ್ದನ್ನು ಕಂಡು, ಇದು ಯಾರನ್ನು ತಡೆದೀತು ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟೇ 2023ರಲ್ಲಿ ಅಸಮಾಧಾನ ತೋರಿತು. ಅಮೆರಿಕದಲ್ಲಿ ಚುನಾವಣೆಯ ಮತಯಂತ್ರಗಳ ಬಗ್ಗೆ ಸುಳ್ಳು ಬಿತ್ತರಿಸಿದ ಮೊಕದ್ದಮೆಯಲ್ಲಿ ಫಾಕ್ಸ್ ವಾಹಿನಿಯು ಅದೇ ವರ್ಷ ಆ ಯಂತ್ರಗಳನ್ನು ತಯಾರಿಸಿದ ಡೊಮಿನಿಯನ್ ಕಂಪನಿಗೆ 78 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ರಾಜಿಯಾಯಿತು. ಅಲ್ಲಿ ಸುಳ್ಳಿನಿಂದ ಕೆಟ್ಟದ್ದು ಕಂಪನಿಯ ಹೆಸರು, ಕಂಪನಿಗೆ ವಕೀಲರಿದ್ದರು. ನಮ್ಮ ಕಾಕಾನಿಗೆ ಆ ಅನುಕೂಲವಿಲ್ಲ.

ನನಗೆ ದಂಡಕ್ಕಿಂತ ದೊಡ್ಡದಾಗಿ ಕಾಣುವುದು ತಿದ್ದುಪಡಿ. ಕವಿ, ವಿಜ್ಞಾನಿ ಗೌಹರ್ ರಜಾ ಅವರ ಬಗ್ಗೆ 2016ರಲ್ಲಿ ಹಿಂದಿ ವಾಹಿನಿಯೊಂದು ಪ್ರಸಾರ ಮಾಡಿದ ಕಾರ್ಯಕ್ರಮದ ವಿಷಯದಲ್ಲಿ, ಮರುವರ್ಷ ಪ್ರಾಧಿಕಾರವು ದಂಡದ ಜೊತೆಗೆ, ರಾತ್ರಿ ಒಂಬತ್ತು ಗಂಟೆಗೆ ಇಡೀ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ನಿಧಾನದ ಧ್ವನಿಯಲ್ಲಿ ಕ್ಷಮೆ ಕೇಳಬೇಕೆಂದು ಆದೇಶಿಸಿತು. ಆದೇಶ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು ದುಃಖದ ಸಂಗತಿಯಾದರೂ, ಆ ಆದೇಶದ ಅಳತೆ ಸರಿಯಾಗಿದೆ. ಒಂಬತ್ತು ಗಂಟೆಗೆ ಗಂಟಲು ಹರಿದುಕೊಂಡು ಹೇಳಿದ ತಪ್ಪನ್ನು ಮಧ್ಯಾಹ್ನ ಮೂರಕ್ಕೆ, ಪರದೆಯ ಕೆಳಗೆ ಓಡುವ ಸಾಲಿನಲ್ಲಿ ತಿದ್ದಿದರೆ ಹೊಲದಲ್ಲಿರುವವರು ಅದನ್ನು ಓದುವುದು ಯಾವಾಗ?

ಸತ್ಯ ಯಾವುದೆಂದು ಸರ್ಕಾರವೇ ತೀರ್ಮಾನಿಸಲಿ ಎಂದು ಇದರ ಅರ್ಥವಲ್ಲ. ತನ್ನ ಕುರಿತ ಅಂತರ್ಜಾಲದ ಸುದ್ದಿಗಳ ಸತ್ಯಾಸತ್ಯವನ್ನು ತನ್ನದೇ ಘಟಕದಿಂದ ನಿರ್ಣಯಿಸಲು ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ಅದು ಸರಿಯಾದ ತೀರ್ಪು ಎಂದೇ ನನ್ನ ನಂಬಿಕೆ. ಬಾನುಲಿಯಲ್ಲಿ ಚುನಾವಣೆಯ ಹೊತ್ತಿಗೆ ಪಕ್ಷಗಳ ಭಾಷಣಗಳು 1977ರಿಂದ ಪ್ರಸಾರವಾಗುತ್ತಿದ್ದು, ಅವುಗಳ ಬರಹವನ್ನು ಮುಂಚೆಯೇ ಸಲ್ಲಿಸಬೇಕಾಗುತ್ತದೆ. ನೇರ ಪ್ರಸಾರದ ಚರ್ಚೆಗೆ ಆ ಕ್ರಮ ಒಗ್ಗುವುದಿಲ್ಲವಾದ್ದರಿಂದ ಅಲ್ಲಿ ಆಡಿದ ಮೇಲಿನ ಹೊಣೆಯೊಂದೇ ಉಳಿಯುತ್ತದೆ.

ಕಾಕಾನ ಪರವಾಗಿ ನಾನೇ ದೂರು ಬರೆದೆ. ಮರುದಿನವೇ ಸ್ವೀಕೃತಿ ಬಂತು, ಹನ್ನೆರಡನೆಯ ದಿನ ಉತ್ತರವೂ ಬಂತು: ಅತಿಥಿಗಳ ಅಭಿಪ್ರಾಯಕ್ಕೆ ವಾಹಿನಿ ಹೊಣೆಯಲ್ಲ. ಮೇಲ್ಮನವಿಯ ಜೊತೆಗೆ ಗಂಜಿನ ಪಟ್ಟಿಯನ್ನೂ ಲಗತ್ತಿಸೋಣವೆಂದು ಕೇಳಿದಾಗ ಕಾಕಾ ಅದನ್ನು ಅಂಗಿಯ ಒಳಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ನನ್ನ ಕೈಗೆ ಕೊಡದೆ ಎದುರಿಗೆ ಹಿಡಿದು ತೋರಿಸಿದರು. "ಜೆರಾಕ್ಸ್ ಕಳಸು. ಅಸಲಿ ನನ್ನ ಹಂತೇಕ ಇರ್ಲಿ."